ಕೋಡಂಬಾಕ್ಕಂನ ನಮ್ಮ ಹೆಣ್ಣುಮಕ್ಕಳು

(ಸಂಘದ ಕನ್ನಡ ರಾಜ್ಯೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹೆಣ್ಣುಮಕ್ಕಳ ವಿಷಯವಾಗಿ ನಾಲ್ಕು ಮಾತನಾಡಿ ಎಂದರೆ ನಮ್ಮಲ್ಲಿ ಅದಕ್ಕೊಂದು ಸಿದ್ಧವಾದ ದಾರಿಯಿದೆ. ಅಕ್ಕಮಹಾದೇವಿಯಿಂದ ಹೊರಟು, ಉಳ್ಳಾಲದ ಅಬ್ಬಕ್ಕ, ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ, ಒನಕೆ ಓಬವ್ವ ಇವರಿಗೆಲ್ಲ ನಮಸ್ಕಾರ ಹೇಳಿ, "ಇಂದಿನ ಮಹಿಳೆ ಯಾವ ಕ್ಷೇತ್ರದಲ್ಲಿಯೂ ಹಿಂದೆ ಬಿದ್ದಿಲ್ಲ" ಎಂದು ಮುಗಿಸಿದರೆ ಚಪ್ಪಾಳೆ ಖಂಡಿತ. ಆ ಮಹಾತಾಯಿಯರ ವಿಷಯದಲ್ಲಿ ನಮಗಿರುವ ಗೌರವ ಯಾರಿಗಿಂತಲೂ ಕಡಮೆಯದಲ್ಲ. ಆದರೆ ಈ ಸಲ ಅಷ್ಟು ದೂರ ಹೋಗುವುದು ಬೇಡವೆಂದು ನಮ್ಮ ಮನಸ್ಸಿಗೆ ತೋರಿತು. ಈ ಸಭೆಯಿಂದ ಎದ್ದು ಸ್ವಲ್ಪ ದೂರ ನಡೆದರೆ ಆರ್ಕಾಟು ರಸ್ತೆ. ಪವರ್ ಹೌಸ್ ನಿಲ್ದಾಣದಿಂದ ವಡಪಳನಿಯ ಆಚೆಯವರೆಗೆ ಆ ರಸ್ತೆಯ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಕನ್ನಡ ಚಲಚ್ಚಿತ್ರ ಹುಟ್ಟುತ್ತಿತ್ತು. ಅದನ್ನು ಹುಟ್ಟಿಸಿದವರಲ್ಲಿ ಗಂಡಸರ ಹೆಸರುಗಳು ನಮಗೆಲ್ಲ ಬಾಯಿಪಾಠ. ಹೆಂಗಸರ ಹೆಸರು ಕೇಳಿದರೆ ಮುಖ ನೆನಪಾಗುತ್ತದೆ, ಹಾಡು ನೆನಪಾಗುತ್ತದೆ, ಅವರು ಮಾಡಿದ ಕೆಲಸ ಮಾತ್ರ ನೆನಪಾಗುವುದಿಲ್ಲ. ಇವತ್ತು ಆ ಕೆಲಸದ ವಿಷಯ ಮಾತನಾಡೋಣ.

ಅದಕ್ಕೆ ಮುಂಚೆ ನಮ್ಮ ಮಕ್ಕಳಿಗೆ ಒಂದು ಸಂಗತಿ ಹೇಳಿಬಿಡಬೇಕು. ನಾವು ಇಲ್ಲಿ ಪರಸ್ಥಳದವರು, ಹೊಟ್ಟೆಪಾಡಿಗೆ ಬಂದವರು ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಬೆಂಗಳೂರು ಮೈಸೂರಿನ ಕಡೆಯವರಿಗೆ ಅದು ಸರಿಯೇ. ಆದರೆ ಮಂಗಳೂರು ಉಡುಪಿಯವರಿಗೆ ೧೯೫೬ರ ನವೆಂಬರ್ ಒಂದನೆಯ ತಾರೀಖಿನವರೆಗೂ, ಬಳ್ಳಾರಿಯವರಿಗೆ ೧೯೫೩ರವರೆಗೂ ಮದರಾಸೇ ರಾಜಧಾನಿಯಾಗಿತ್ತು. ಕಾಲೇಜಿಗೆ, ಹೈಕೋರ್ಟಿಗೆ, ಸರಕಾರದ ಕೆಲಸಕ್ಕೆ ಅವರು ಮುಖ ಮಾಡುತ್ತಿದ್ದುದು ಇತ್ತಲೇ. ಮಂಗಳೂರಿನಲ್ಲಿ ೧೯೦೩ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಎರಡು ವರ್ಷದೊಳಗೆ ವಿಧವೆಯಾದ ಹುಡುಗಿಯೊಬ್ಬಳು ಈ ಊರಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಬಂದಳು. ಆಕೆಯೇ ಕಮಲಾದೇವಿ ಚಟ್ಟೋಪಾಧ್ಯಾಯ. ೧೯೨೬ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಅವರು ಮಂಗಳೂರಿನಿಂದ ಉಮೇದುವಾರರಾಗಿ ನಿಂತರು. ಶಾಸನಸಭೆಯ ಚುನಾವಣೆಗೆ ನಮ್ಮ ದೇಶದಲ್ಲಿ ನಿಂತ ಮೊದಲ ಹೆಂಗಸೆಂದು ಹೆಸರಾದವರು ಅವರು. ಸೋತದ್ದು ಬಹಳ ಕಡಮೆ ಮತಗಳ ಅಂತರದಲ್ಲಿ. ಆಗ ಅವರಿಗೆ ವಯಸ್ಸು ಇಪ್ಪತ್ತಮೂರು.

ಅದೇ ಕಮಲಾದೇವಿಯವರು ಕೆಲವು ವರ್ಷಗಳ ಮೇಲೆ, ಕನ್ನಡ ನಾಡಿನಲ್ಲಿ ತಯಾರಾದ 'ಮೃಚ್ಛಕಟಿಕ' ಎಂಬ ಮೂಕಿಚಿತ್ರದಲ್ಲಿ ಟಿ.ಪಿ. ಕೈಲಾಸಂ ಅವರೊಡನೆ ಪಾತ್ರ ವಹಿಸಿದರು. ಚುನಾವಣೆಗೆ ನಿಂತದ್ದನ್ನು ಕ್ಷಮಿಸಿದ ಬಂಧುಬಳಗದವರೂ ಸಿನಿಮಾದಲ್ಲಿ ಕಾಣಿಸಿಕೊಂಡದ್ದನ್ನು ಸುಲಭವಾಗಿ ಕ್ಷಮಿಸುವ ಕಾಲವಲ್ಲ ಅದು. ಮರ್ಯಾದಸ್ಥರ ಮನೆಯ ಹೆಣ್ಣು ಬಣ್ಣ ಹಚ್ಚಬಾರದು ಎಂಬುದು ಬರೆಯದ ಕಾನೂನು. ಕಂಪೆನಿ ನಾಟಕಗಳಲ್ಲಿ ಬಹುಕಾಲ ಗಂಡಸರೇ ಸೀರೆ ಉಟ್ಟು ದಮಯಂತಿಯಾದರು, ಅದಕ್ಕೆ ಯಾರ ಮರ್ಯಾದೆಯೂ ಹೋಗಲಿಲ್ಲ. (ಆ ಸಾಲವನ್ನು ಬಡ್ಡಿಸಹಿತ ತೀರಿಸಿದವರು ಆರ್. ನಾಗರತ್ನಮ್ಮನವರು. ೧೯೫೮ರಲ್ಲಿ ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ತಾವೇ ಮೀಸೆ ಹಚ್ಚಿ ಕಂಸನಾಗಿ ಗರ್ಜಿಸಿದರು.)

ಅಂಥ ಕಾಲದಲ್ಲಿ ಈ ಊರಿಗೆ ಬಂದವರು ಎಂ.ವಿ. ರಾಜಮ್ಮ. ಚಂದ್ರಕಲಾ ನಾಟಕ ಮಂಡಳಿಯಲ್ಲಿ ಬಿ.ಆರ್. ಪಂತುಲು ಅವರ ಜೊತೆ ಪಾತ್ರ ಮಾಡುತ್ತಿದ್ದವರು. ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕ' ನಾಟಕವನ್ನು ಮದರಾಸಿನ ದೇವಿ ಫಿಲಂಸ್‌ನವರು ೧೯೩೬ರಲ್ಲಿ ವಾಕ್ಚಿತ್ರವಾಗಿ ತೆಗೆದಾಗ ಅವರೇ ನಾಯಕಿ. ಕನ್ನಡದ ಮೊದಲ ವಾಕ್ಚಿತ್ರಗಳಾದ 'ಸತಿ ಸುಲೋಚನ', 'ಭಕ್ತ ಧ್ರುವ' ಎರಡೂ ಪುರಾಣದ ಕಥೆಗಳು. ಕಿರೀಟ ಭುಜಕೀರ್ತಿಗಳನ್ನು ಬಿಚ್ಚಿಟ್ಟು, ನಮ್ಮ ನಿಮ್ಮ ಮನೆಯ ಸೊಸೆಯನ್ನು ತೆರೆಯ ಮೇಲೆ ನಿಲ್ಲಿಸಿದ ಮೊದಲ ಚಿತ್ರ ಇದೇ.

ಇಷ್ಟಕ್ಕೇ ನಿಂತಿದ್ದರೆ ರಾಜಮ್ಮನವರನ್ನು ಹಳೆಯ ನಟಿಯರ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾಗಬಹುದಿತ್ತು. ೧೯೪೩ರಲ್ಲಿ ಅವರು 'ರಾಧಾರಮಣ' ಎಂಬ ಚಿತ್ರವನ್ನು ತಾವೇ ಬಂಡವಾಳ ಹೂಡಿ ತಯಾರಿಸಿದರು. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಅವರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ಕಚ್ಚಾ ಫಿಲಮಿಗೂ ಬರವಿದ್ದ ದಿನಗಳು, ಎದುರಿಗೆ ಕುಳಿತು ಲೆಕ್ಕ ಕೇಳುವವರೆಲ್ಲ ಗಂಡಸರು. ವಯಸ್ಸು ಇಪ್ಪತ್ತೈದು ತುಂಬದ ಹೆಣ್ಣುಮಗಳು ಹಣ ಹಾಕಿ, ಜನರನ್ನು ಕೂಡಿಸಿ, ಸಂಬಳ ಬಟವಾಡೆ ಮಾಡಿ ಚಿತ್ರ ಮುಗಿಸಿದಳೆಂದರೆ ಅದು ಅಭಿನಯಕ್ಕಿಂತ ಬೇರೆಯಾದ ಸಾಮರ್ಥ್ಯ. ಕನ್ನಡಿಗರನ್ನೆಲ್ಲ ನಗಿಸಿದ ಟಿ.ಎನ್. ಬಾಲಕೃಷ್ಣ ಅವರೂ, ಮುಂದೆ 'ಹಂಸಗೀತೆ' ತೆಗೆದ ಜಿ.ವಿ. ಅಯ್ಯರ್ ಅವರೂ ಮೊದಲ ಸಲ ತೆರೆಯ ಮೇಲೆ ಕಾಣಿಸಿಕೊಂಡದ್ದು ಈ 'ರಾಧಾರಮಣ'ದಲ್ಲಿ. ಅವರಿಬ್ಬರನ್ನೂ ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೊಂಡಾಡಿದ್ದೇವೆ! ಅವರಿಗೆ ತೆರೆಯ ಮೇಲೆ ಮೊದಲ ಅವಕಾಶ ಕೊಟ್ಟ ಯಜಮಾನಿಯ ಹೆಸರನ್ನು ಅದೇ ಉಸಿರಿನಲ್ಲಿ ಹೇಳಿದ್ದು ನಾವಂತೂ ಕೇಳಿಲ್ಲ.

ಪಂತುಲು ಅವರ ಪದ್ಮಿನಿ ಪಿಕ್ಚರ್ಸ್ ಚಿತ್ರಗಳಲ್ಲಿ ರಾಜಮ್ಮನವರನ್ನು ನಮ್ಮಲ್ಲಿ ಹಿರಿಯರು ನೋಡಿಯೇ ಇದ್ದೀರಿ. ೧೯೫೮ರ 'ಸ್ಕೂಲ್ ಮಾಸ್ಟರ್'ನಲ್ಲಿ ಮಕ್ಕಳ ಮನೆಗಳಿಗೆ ಹಂಚಿಹೋಗುವ ವೃದ್ಧ ದಂಪತಿಗಳಲ್ಲಿ ಹೆಂಡತಿಯಾದಾಗ ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ. ೧೯೬೪ರ ತಮಿಳು 'ಕರ್ಣನ್' ಚಿತ್ರದಲ್ಲಿ ಕುಂತಿಯೂ ಅವರೇ. ಶಿವಾಜಿ ಗಣೇಶನ್ ಅವರಿಗಿಂತ ಏಳೆಂಟು ವರ್ಷವಷ್ಟೇ ದೊಡ್ಡವರು, ಆದರೂ ತಾಯಿ. ಸಿನಿಮಾದಲ್ಲಿ ಗಂಡಸಿಗೆ ಒಂದು ವಯಸ್ಸು, ಹೆಂಗಸಿಗೆ ಇನ್ನೊಂದು ವಯಸ್ಸು. ನಾಯಕನ ಕೂದಲು ಕಪ್ಪಾಗಿಯೇ ಉಳಿಯುತ್ತದೆ, ಅವನ ಜೊತೆ ಹಾಡಿ ಕುಣಿದವಳ ತಲೆಗೆ ಹತ್ತು ವರ್ಷದಲ್ಲಿ ಬಿಳಿಯ ಬಣ್ಣ ಬಳಿಯುತ್ತಾರೆ.

ಪಂಢರಿಬಾಯಿಯವರ ಪಾಡೂ ಇದೇ. ಭಟ್ಕಳದವರು. ಹರಿಕಥೆಯ ಮನೆತನ, ತಾವೂ ಚಿಕ್ಕಂದಿನಲ್ಲಿ ಹರಿಕಥೆ ಮಾಡುತ್ತಿದ್ದವರು. ೧೯೪೩ರ 'ವಾಣಿ' ಚಿತ್ರದಿಂದ ಬೆಳ್ಳಿತೆರೆಗೆ ಬಂದರು. ೧೯೫೨ರಲ್ಲಿ 'ಪರಾಶಕ್ತಿ' ಎಂಬ ತಮಿಳು ಚಿತ್ರ ಈ ನಾಡನ್ನೇ ಅಲುಗಾಡಿಸಿತಷ್ಟೆ. ಶಿವಾಜಿ ಗಣೇಶನ್ ಅವರ ಆ ಮೊದಲ ಚಿತ್ರದಲ್ಲಿ, ದಾರಿಗಾಣದ ನಾಯಕನಿಗೆ ಬುದ್ಧಿ ಹೇಳುವ ಹೆಣ್ಣಿನ ಪಾತ್ರ ನಮ್ಮ ಭಟ್ಕಳದ ಪಂಢರಿಬಾಯಿಯವರದು. ಎರಡು ವರ್ಷದ ಮೇಲೆ 'ಬೇಡರ ಕಣ್ಣಪ್ಪ'. ರಾಜಕುಮಾರರು ನಾಯಕರಾದ ಮೊದಲ ಚಿತ್ರ, ಪಂಢರಿಬಾಯಿಯವರು ನಾಯಕಿ. ಎರಡು ಭಾಷೆಗಳ ಎರಡು ಮಹಾನಟರು ತಮ್ಮ ಮೊದಲ ಹೆಜ್ಜೆ ಇಡುವಾಗ ಎದುರಿಗೆ ನಿಂತಿದ್ದವರು ಒಬ್ಬರೇ ಹೆಂಗಸು, ಆಗಲೇ ಹತ್ತು ವರ್ಷದ ಅನುಭವವಿದ್ದವರು. ಹೊಸಬರಿಗೆ ಧೈರ್ಯ ಬರುವುದು ಎದುರಿಗಿರುವವರು ಪಳಗಿದವರಾದಾಗಲೇ ಎಂಬುದನ್ನು ನಾಟಕವಾಡಿದವರೆಲ್ಲ ಬಲ್ಲರು.

ಅವರೂ ಸುಮ್ಮನೆ ಕರೆದಲ್ಲಿಗೆ ಹೋಗಿ ಬಣ್ಣ ಹಚ್ಚಿಕೊಂಡು ಕೂರಲಿಲ್ಲ. 'ಸಂತ ಸಖು', 'ರಾಯರ ಸೊಸೆ' ಚಿತ್ರಗಳನ್ನು ತಾವೇ ತಯಾರಿಸಿದರು. ೧೯೫೭ರ 'ರಾಯರ ಸೊಸೆ' ವರದಕ್ಷಿಣೆಯ ಸಂಕಟದ ಕಥೆ. ತಂಗಿ ಮೈನಾವತಿಯನ್ನು ಮುಂದೆ ತಂದರು. ಕಡೆಗೆ ಎಲ್ಲ ನಾಯಕರಿಗೂ ತಾಯಿಯಾದರು. ೧೯೯೨ರ 'ಮನ್ನನ್' ಚಿತ್ರದಲ್ಲಿ ರಜನೀಕಾಂತರ ತಾಯಿ ಅವರೇ. ಇಬ್ಬರು ಕನ್ನಡಿಗರು ತಮಿಳಿನಲ್ಲಿ ತಾಯಿಮಗನಾಗಿ ತಮಿಳರ ಕಣ್ಣಲ್ಲಿ ನೀರು ತರಿಸಿದ್ದು ನೆನೆದರೆ ನಮಗೆ ಈಗಲೂ ಒಂದು ಬಗೆಯ ತುಂಟ ಸಂತೋಷವಾಗುತ್ತದೆ. ರಾಜಮ್ಮನವರು ೧೯೯೯ರಲ್ಲಿ, ಪಂಢರಿಬಾಯಿಯವರು ೨೦೦೩ರಲ್ಲಿ ತೀರಿಕೊಂಡರು, ಇಬ್ಬರೂ ಇದೇ ಊರಿನಲ್ಲಿ.

ಬಿ. ಸರೋಜಾದೇವಿಯವರ ವಿಷಯ ಹೇಳಬೇಕಾಗಿಯೇ ಇಲ್ಲ, ಇಲ್ಲಿನ ತರಕಾರಿ ಅಂಗಡಿಯವರೂ ಹೇಳುತ್ತಾರೆ. ೧೯೫೫ರಲ್ಲಿ ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ'ದಿಂದ ಹೊರಟು, ೧೯೫೮ರಲ್ಲಿ ಎಂ.ಜಿ.ಆರ್. ಅವರ 'ನಾಡೋಡಿ ಮನ್ನನ್' ಸೇರಿ, ನಾಲ್ಕು ಭಾಷೆಗಳನ್ನು ಆಳಿದರು. ತಮಿಳರು ಅವರನ್ನು 'ಕನ್ನಡದ ಗಿಣಿ' ಎಂದು ಕರೆದರು. ತಮಿಳನ್ನು ಕನ್ನಡದ ರಾಗದಲ್ಲಿ ಆಡುತ್ತಿದ್ದುದನ್ನೇ ಜನ ಮೆಚ್ಚಿಕೊಂಡರು. ಮನೆಯಲ್ಲಿ ತಮಿಳು ಕಲಿಯದೆ, ಮಾರುಕಟ್ಟೆಯಲ್ಲಿ ಆಡಲು ನಾಚಿಕೊಂಡು ಕೈಸನ್ನೆಯಲ್ಲೇ ಬದನೆಕಾಯಿ ಕೊಂಡು ತರುವ ನಮ್ಮ ಹೊಸ ಸೊಸೆಯರಿಗೆ ಇದನ್ನು ಹೇಳಿ ಧೈರ್ಯ ಕೊಡಬಹುದು. ಇನ್ನೊಂದು ಮಾತು. ನಾವು ವೇದಿಕೆಯಲ್ಲಿ ನಮಸ್ಕರಿಸುವ ಕಿತ್ತೂರಿನ ಚೆನ್ನಮ್ಮ ನಮ್ಮ ಕಣ್ಣಿಗೆ ಕಟ್ಟಿರುವುದು ಹೇಗೆ? ಪಂತುಲು ಅವರ ೧೯೬೧ರ ಚಿತ್ರದ ಸರೋಜಾದೇವಿಯಾಗಿ ಅಲ್ಲವೆ? ೧೮೨೪ರಲ್ಲಿ ಕುಂಪಣಿಯ ಸೇನೆಯನ್ನು ಎದುರಿಸಿದ ರಾಣಿ, ಮದರಾಸಿನ ಒಂದು ಚಿತ್ರ ಸಂಸ್ಥೆಯ ದಯೆಯಿಂದ ಕನ್ನಡ ನಾಡಿನ ಹಳ್ಳಿಹಳ್ಳಿಯ ಟೂರಿಂಗ್ ಟಾಕೀಸಿಗೆ ಕುದುರೆ ಏರಿ ಬಂದಳು.

ಅವರ ತಾಯಿ ರುದ್ರಮ್ಮನವರು ಮಗಳ ಉಡುಪಿನ ವಿಷಯದಲ್ಲಿ ಹಾಕಿದ ಕಟ್ಟುಪಾಡುಗಳು ಪ್ರಸಿದ್ಧ. ಈಗಿನ ಹುಡುಗಿಯರು ಕೇಳಿದರೆ ನಗುತ್ತಾರೆ. ನಗಲಿ. ಆದರೆ ಆ ಕಾಲದಲ್ಲಿ ಸ್ಟುಡಿಯೋದ ಒಂದು ಮೂಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತಿರುತ್ತಿದ್ದ ತಾಯಂದಿರ ಇತಿಹಾಸವನ್ನು ಯಾರಾದರೂ ಬರೆಯಬೇಕು. ಅವರು ಮಗಳ ಕಾವಲು, ಮಗಳ ಲೆಕ್ಕಪತ್ರ, ಮಗಳ ಊಟದ ಡಬ್ಬಿ, ಎಲ್ಲವೂ ಆಗಿದ್ದರು. ಬಳ್ಳಾರಿಯಲ್ಲಿ ಹುಟ್ಟಿದ ಜಯಂತಿಯವರನ್ನು ಈ ಊರಿಗೆ ಕರೆತಂದು ನೃತ್ಯ ಕಲಿಸಿದವರೂ, ಗಂಡನಿಂದ ಬೇರೆಯಾಗಿ ಮಕ್ಕಳನ್ನು ಸಾಕುತ್ತಿದ್ದ ಅವರ ತಾಯಿಯೇ. ಆ ಮಗಳು ೧೯೬೫ರ 'ಮಿಸ್ ಲೀಲಾವತಿ'ಯಲ್ಲಿ, ಹೆಣ್ಣು ತನ್ನ ಇಷ್ಟದಂತೆ ಬಾಳಿದರೆ ಏನಾಗುತ್ತದೆ ಎಂದು ಕನ್ನಡ ಸಮಾಜವನ್ನೇ ಕೇಳುವಂಥ ಪಾತ್ರ ಮಾಡಿದಳು. ಸರೋಜಾದೇವಿಯವರು ೧೯೬೭ರಲ್ಲಿ ಮದುವೆಯಾದ ಮೇಲೂ ಅಭಿನಯ ಬಿಡಲಿಲ್ಲ. ಮದುವೆಯಾಯಿತು, ಇನ್ನು ಮನೆಯಲ್ಲಿರುತ್ತಾಳೆ ಎಂದುಕೊಂಡಿದ್ದ ಪತ್ರಿಕೆಗಳಿಗೆ ಅದೇ ಉತ್ತರವಾಯಿತು. ೨೦೨೫ರ ಜುಲೈ ೧೪ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ಇಲ್ಲಿನ ತಮಿಳು ಮನೆಗಳವರೂ ನಮ್ಮ ಮನೆಗಳವರೂ ಒಟ್ಟಿಗೆ ಕುಳಿತು ಹಳೆಯ ಹಾಡುಗಳನ್ನು ಕೇಳಿದೆವು.

ಬೆಳ್ತಂಗಡಿಯ ಕಡೆಯಿಂದ ಬಂದ ಲೀಲಾವತಿಯವರು ಬದುಕಿನ ಕಡೆಯ ಕಾಲದಲ್ಲಿ ಬೆಂಗಳೂರಿನ ಬಳಿಯ ಸೋಲದೇವನಹಳ್ಳಿಯಲ್ಲಿ ನೆಲೆಸಿ, ಸ್ವಂತ ದುಡ್ಡಿನಲ್ಲಿ ಹಳ್ಳಿಯವರಿಗೆ ಆಸ್ಪತ್ರೆ ಕಟ್ಟಿಸಿದರು. ಇಲ್ಲಿ ಬಣ್ಣ ಹಚ್ಚಿ ಗಳಿಸಿದ್ದು ಅಲ್ಲಿ ಔಷಧವಾಯಿತು. ಉಡುಪಿಯ ಕಡೆಯ ಹರಿಣಿಯವರ ಮಾತು ಬಂದರೆ ೧೯೬೪ರ 'ನಾಂದಿ'ಯನ್ನು ಬಿಡಲಾಗದು. ಅವರ ಸೋದರರಾದ ವಾದಿರಾಜ್, ಜವಾಹರ್ ತಯಾರಿಸಿ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಚಿತ್ರ. ಕಿವಿ ಕೇಳಿಸದ, ಮಾತು ಬಾರದ ಹೆಂಡತಿಯ ಪಾತ್ರದಲ್ಲಿ ಹರಿಣಿಯವರು ಇಡೀ ಚಿತ್ರದಲ್ಲಿ ಒಂದು ಮಾತನ್ನೂ ಆಡದೆ ಎಲ್ಲವನ್ನೂ ಹೇಳಿದರು. ಹೊರದೇಶದ ಚಿತ್ರೋತ್ಸವಕ್ಕೆ ಹೋದ ಕನ್ನಡದ ಮೊದಲ ಚಿತ್ರವೆಂಬ ಹೆಸರು ಅದಕ್ಕಿದೆ.

ಮಾತಿಲ್ಲದ ಹೆಣ್ಣಿನ ಪಾತ್ರ ಹೇಳಿದ ಮೇಲೆ ದನಿಯ ವಿಷಯಕ್ಕೆ ಬರಲೇಬೇಕು. ಸಿನಿಮಾದಲ್ಲಿ ಹೆಣ್ಣಿನ ಮುಖ ಒಬ್ಬರದು, ಹಾಡುವ ಕಂಠ ಇನ್ನೊಬ್ಬರದು, ಮಾತು ಮತ್ತೊಬ್ಬರದು, ಆ ಮಾತನ್ನು ಬರೆದವರು ಬೇರೆ ಯಾರೋ. ಕನ್ನಡದ ಹುಡುಗಿ ಹೇಗೆ ಹಾಡುತ್ತಾಳೆ ಎಂಬುದನ್ನು ನಮ್ಮ ಒಂದೆರಡು ತಲೆಮಾರಿಗೆ ತಿಳಿಸಿದವರು ಗುಂಟೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್. ಜಾನಕಿ, ವಿಜಯನಗರಂನ ಪಿ. ಸುಶೀಲ. ಆಮೇಲೆ ವೆಲ್ಲೂರಿನ ವಾಣಿ ಜಯರಾಂ. ಕನ್ನಡ ಅವರ ಮನೆಮಾತಲ್ಲ ಎಂಬುದನ್ನು ಹಾಡು ಕೇಳಿ ಯಾರೂ ಕಂಡುಹಿಡಿಯಲಾರರು. ಹೊರಗಿನ ಭಾಷೆಯನ್ನು ಇಷ್ಟು ಅಂದವಾಗಿ ನುಡಿಯಬಹುದೆಂಬುದಕ್ಕೆ ಅವರು ಸಾಕ್ಷಿ. ಕನ್ನಡದ ಮನೆಯಲ್ಲೇ ಹುಟ್ಟಿಯೂ 'ಹಾಲು'ವಿಗೂ 'ಆಲು'ವಿಗೂ ವ್ಯತ್ಯಾಸ ಮಾಡದ ನಮ್ಮ ಮಕ್ಕಳಿಗೆ ಆ ಹಾಡುಗಳನ್ನೇ ಪಾಠವಾಗಿ ಕಲಿಸಬಹುದು.

ಇವರಿಗೆ ಹೆಸರಾದರೂ ಬಂತು. ಹೆಸರು ಬಾರದವರ ಸಂಖ್ಯೆ ಎಷ್ಟು? ಆಗಿನ ಕಾಲದಲ್ಲಿ ಹಾಡಿನ ಧ್ವನಿಮುದ್ರಣವೆಂದರೆ ವಾದ್ಯಗಾರರು, ಗಾಯಕರು, ಮೇಳದವರು ಎಲ್ಲ ಒಟ್ಟಿಗೆ ನಿಂತು ಒಂದೇ ಉಸಿರಿನಲ್ಲಿ ಮುಗಿಸಬೇಕಾದ ಕೆಲಸ. ಒಬ್ಬರು ಕೆಮ್ಮಿದರೂ ಮೊದಲಿನಿಂದ ಶುರು. ಮಾತು ಕೂಡಿಸುವಾಗ ಫಿಲಮಿನ ಒಂದು ತುಂಡಿನ ಎರಡು ಕೊನೆಗಳನ್ನೂ ಅಂಟಿಸಿ ಬಳೆಯಂತೆ ಮಾಡಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಕತ್ತಲ ಕೋಣೆಯಲ್ಲಿ ನಿಂತ ಹೆಂಗಸು ತೆರೆಯ ಮೇಲಿನ ತುಟಿಗೆ ತನ್ನ ಮಾತು ಹೊಂದುವವರೆಗೆ ಅದನ್ನೇ ನುಡಿಯಬೇಕು, ಅಳುವ ದೃಶ್ಯವಾದರೆ ಅಷ್ಟು ಸಲವೂ ಅಳಬೇಕು. ಸಂಜೆ ಮನೆಗೆ ಬಂದಾಗ ಮಕ್ಕಳನ್ನು ಗದರಲೂ ಗಂಟಲು ಉಳಿದಿರುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಮೇಳದಲ್ಲಿ ಹಾಡುತ್ತಿದ್ದ ಅಜ್ಜಿಯೊಬ್ಬರಿದ್ದರು. ರೇಡಿಯೋದಲ್ಲಿ ಹಳೆಯ ಹಾಡು ಬಂದಾಗ ಒಂದು ಕಡೆ ಬೆರಳೆತ್ತಿ, "ಕೇಳು, ಈ ಗುಂಪಿನಲ್ಲಿ ಮೂರನೆಯ ದನಿ ನಂದು" ಎನ್ನುತ್ತಿದ್ದರು. ನಾವು ಎಷ್ಟು ಕಿವಿಗೊಟ್ಟರೂ ಮೂರನೆಯ ದನಿ ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಅವರಿಗೆ ಕೇಳಿಸುತ್ತಿತ್ತು. ಆಕೆ ಹಾಡಿದ ಹಾಡುಗಳ ಪಟ್ಟಿ ಎಲ್ಲಿಯೂ ಇಲ್ಲ. ಆಕೆ ಈಗಿಲ್ಲ.

ಬರೆದವರ ವಿಷಯವೂ ಇದೆ. ಹೆಣ್ಣಿಗೆ ನಿಜವಾದ ದನಿ ಬರುವುದು ಕಂಠದಿಂದಲ್ಲ, ಲೇಖನಿಯಿಂದ ಎಂದು ನಮಗೆ ತೋರುತ್ತದೆ. ಕಲ್ಪನಾ ಅವರು ೧೯೬೩ರ 'ಸಾಕು ಮಗಳು' ಚಿತ್ರದಿಂದ ಬಂದವರು. ಅವರನ್ನು ಕನ್ನಡಿಗರ ಮನೆಮಗಳಾಗಿ ಮಾಡಿದ್ದು ಯಾವುದು? ೧೯೬೭ರ 'ಬೆಳ್ಳಿಮೋಡ', ೧೯೬೯ರ 'ಗೆಜ್ಜೆಪೂಜೆ', ೧೯೭೧ರ 'ಶರಪಂಜರ'. ಮೂರನ್ನೂ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದರೆಂದು ಎಲ್ಲರೂ ಹೇಳುತ್ತಾರೆ. ಮೂರನ್ನೂ ಹೆಂಗಸರು ಬರೆದರೆಂದು ಎಷ್ಟು ಜನ ಹೇಳುತ್ತಾರೆ? 'ಬೆಳ್ಳಿಮೋಡ', 'ಶರಪಂಜರ' ತ್ರಿವೇಣಿಯವರವು, 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. ಆಸ್ತಿ ತಪ್ಪಿತೆಂದು ಕೈಬಿಟ್ಟು ಹೋದ ಗಂಡು ಮತ್ತೆ ಬಂದಾಗ ಬೇಡವೆನ್ನುವ ಹುಡುಗಿ, ಹುಚ್ಚಾಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ ಅನುಮಾನದಿಂದ ಗುಣವಾಗದ ಹೆಂಡತಿ, ಗೆಜ್ಜೆ ಕಟ್ಟಲು ಒಪ್ಪದೆ ಸಂಸಾರ ಬಯಸುವ ಮಗಳು. ಇಂಥ ಹೆಣ್ಣುಗಳನ್ನು ಹೆಂಗಸರು ಬರೆದರು. ತ್ರಿವೇಣಿಯವರು ತಮ್ಮ ಕಾದಂಬರಿ ಚಿತ್ರವಾದದ್ದನ್ನು ನೋಡಲೇ ಇಲ್ಲ, ೧೯೬೩ರಲ್ಲೇ, ಮೂವತ್ತನಾಲ್ಕರ ವಯಸ್ಸಿಗೆ ತೀರಿಕೊಂಡರು. 'ಗೆಜ್ಜೆಪೂಜೆ'ಯ ವಿಷಯ ಹೇಳುವಾಗ ಇನ್ನೊಂದು ನೆನಪು. ದೇವದಾಸಿ ಪದ್ಧತಿಯ ವಿರುದ್ಧ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡಿದ್ದು ಇದೇ ಊರಿನ ಶಾಸನಸಭೆಯಲ್ಲಿ. ಮದರಾಸಿನಲ್ಲಿ ಅದನ್ನು ನಿಷೇಧಿಸುವ ಕಾನೂನು ೧೯೪೭ರಲ್ಲಿ ಬಂತು. ಕರ್ನಾಟಕದ ಕಾನೂನು ೧೯೮೨ರದು.

ಈ ಲೇಖನಿಯ ಮಾತು ಹಳೆಯ ಕಾಲಕ್ಕೆ ಮಾತ್ರ ಸಲ್ಲುವು‍ದಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ೧೯೮೩ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದಾಗ, ಬರೆದವರೂ ನಿರ್ದೇಶಿಸಿದವರೂ ಹೆಂಗಸರೇ ಆದರು. ೨೦೦೪ರ 'ಹಸೀನಾ'ದಲ್ಲಿ ತಾರಾ ಅವರಿಗೆ ರಾಷ್ಟ್ರದ ಶ್ರೇಷ್ಠ ನಟಿ ಪ್ರಶಸ್ತಿ ಬಂತು, ಕಥೆ ಬಾನು ಮುಷ್ತಾಕರದು. 'ಗುಲಾಬಿ ಟಾಕೀಸ್'ನಲ್ಲಿ ಉಮಾಶ್ರೀಯವರಿಗೆ ಅದೇ ಪ್ರಶಸ್ತಿ ಬಂತು, ಕಥೆ ವೈದೇಹಿಯವರದು. ಹಾಸನದ ಬಾನು ಮುಷ್ತಾಕರ ಕಥೆಗಳು ೨೦೨೫ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದದ್ದನ್ನು ನಾವು ಸಿಹಿ ಹಂಚಿ ಆಚರಿಸಿದೆವು. ಆ ಪ್ರಶಸ್ತಿಯ ಅರ್ಧ, ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರದು.

ಈಗ ಆರ್ಕಾಟು ರಸ್ತೆಯಲ್ಲಿ ಕನ್ನಡ ಚಿತ್ರಗಳ ಗದ್ದಲವಿಲ್ಲ. ಮೈಸೂರು ಸರಕಾರ ಸಹಾಯಧನ ಕೊಡಲು ತೊಡಗಿ, ಬೆಂಗಳೂರಿನಲ್ಲಿ ೧೯೬೬ರಲ್ಲಿ ಕಂಠೀರವ ಸ್ಟುಡಿಯೋ ಎದ್ದ ಮೇಲೆ ಒಬ್ಬೊಬ್ಬರಾಗಿ ಊರಿಗೆ ಹೋದರು. ವಾಹಿನಿ ಸ್ಟುಡಿಯೋ ಇದ್ದ ಕಡೆ ಆಸ್ಪತ್ರೆಯೂ ಅಂಗಡಿಗಳ ಮಹಲೂ ಬಂದಿವೆ. ದೊಡ್ಡವರು ಹೋದರು, ಸಣ್ಣ ಕೆಲಸದವರು ಇಲ್ಲೇ ಉಳಿದರು. ಕೂದಲು ಕಟ್ಟುವವರು, ಸೀರೆ ಉಡಿಸುವವರು, ಗುಂಪಿನ ದೃಶ್ಯದಲ್ಲಿ ನಿಲ್ಲುವವರು, ಹೊಲಿಯುವವರು. ಕೂದಲು ಕಟ್ಟುವವರು ಎಂದೆವಷ್ಟೆ. ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಗಂಡಸರದು, ಹೆಂಗಸರು ಕೂದಲು ಮಾತ್ರ ಮುಟ್ಟಬೇಕು ಎಂದು ಚಿತ್ರರಂಗದ ಕಾರ್ಮಿಕ ಸಂಘಗಳಲ್ಲಿ ಕಟ್ಟಳೆಯಿತ್ತು. ಹೆಣ್ಣಿನ ಮುಖಕ್ಕೆ ಹೆಣ್ಣು ಬಣ್ಣ ಹಚ್ಚಬಾರದಂತೆ! ಮುಂಬಯಿಯ ಒಂದು ಸಂಘದ ಮೇಲೆ ಚಾರು ಖುರಾನಾ ಎಂಬವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೪ರ ನವೆಂಬರ್ ೧೦ರಂದು ಅದು ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ರಾಜಮ್ಮನವರು ಚಿತ್ರ ತಯಾರಿಸಿ ಎಪ್ಪತ್ತೊಂದು ವರ್ಷವಾದ ಮೇಲೆ.

ಚಿತ್ರರಂಗದ ಹೆಣ್ಣುಮಕ್ಕಳು ಅನುಭವಿಸಿದ್ದನ್ನು ವಿಚಾರಿಸಲು ಕೇರಳದಲ್ಲಿ ೨೦೧೭ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ೨೦೨೪ರ ಆಗಸ್ಟಿನಲ್ಲಿ ಹೊರಬಂದಾಗ ನಾವೆಲ್ಲ ಓದಿ ತಲೆ ತಗ್ಗಿಸಿದೆವು. ಕರ್ನಾಟಕದಲ್ಲಿಯೂ ಅಂಥ ಸಮಿತಿ ಬೇಕೆಂದು ಅಲ್ಲಿನ ಕಲಾವಿದರು ಮುಂದಿನ ತಿಂಗಳೇ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. "ಅದಕ್ಕೇ ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಕಳಿಸಬಾರದು" ಎಂದು ನಮ್ಮಲ್ಲಿ ಕೆಲವು ಹಿರಿಯರು ಹೇಳಿದ್ದೂ ಉಂಟು. ಈ ತರ್ಕ ನಮಗೆ ಒಪ್ಪಿಗೆಯಿಲ್ಲ. ಕಳ್ಳನಿದ್ದಾನೆಂದು ಮನೆಯವರು ಊರು ಬಿಡುತ್ತಾರೆಯೆ? ಬೆತ್ತದ ಕುರ್ಚಿಯ ಮೇಲೆ ತಾಯಿಯನ್ನು ಕೂರಿಸಿ ಕಾಪಾಡಿಕೊಳ್ಳುವ ಕಾಲ ಮುಗಿಯಿತು. ಹತ್ತು ಜನರಿಗಿಂತ ಕಡಮೆಯಿಲ್ಲದ ಯಾವ ಕಚೇರಿಯಲ್ಲಿಯೂ ಹೆಣ್ಣುಮಕ್ಕಳ ದೂರು ಕೇಳುವ ಸಮಿತಿ ಇರಲೇಬೇಕೆಂದು ೨೦೧೩ರ ಕಾನೂನು ಹೇಳುತ್ತದೆ. ಹಳೆಯ ಮಹಾಬಲಿಪುರಂ ರಸ್ತೆಯ ಗಾಜಿನ ಕಟ್ಟಡಗಳಿಗೆ ದಿನವೂ ಹೋಗಿಬರುವ ನಮ್ಮ ಮಗಳಂದಿರೂ ಸೊಸೆಯಂದಿರೂ ಆ ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿದುಕೊಂಡಿರಲಿ.

ಇನ್ನು ನಮ್ಮ ಮನೆಯ ಮಾತು. ಹೊರಗಿನವರ ಲೆಕ್ಕ ಹೇಳಿ ನಮ್ಮದನ್ನು ಮುಚ್ಚಿಟ್ಟುಕೊಂಡರೆ ಚೆನ್ನಾಗಿರುವುದಿಲ್ಲ. ನಮ್ಮ ಸಂಘದ ರಾಜ್ಯೋತ್ಸವಗಳಲ್ಲಿ ಹೆಂಗಸರು ಏನು ಮಾಡುತ್ತಾರೆ? ಪ್ರಾರ್ಥನೆ ಹಾಡುತ್ತಾರೆ, ಅತಿಥಿಗಳಿಗೆ ಆರತಿ ಎತ್ತುತ್ತಾರೆ, ಬಿಸಿಬೇಳೆ ಭಾತಿನ ಹಂಡೆಯ ಹತ್ತಿರ ನಿಲ್ಲುತ್ತಾರೆ. ಭಾಷಣ ಶುರುವಾಗುವ ಹೊತ್ತಿಗೆ ಅರ್ಧ ಜನ ಅಡಿಗೆಯ ಕಡೆ ಹೋಗಿರುತ್ತಾರೆ. ಈಗಲೂ ಹೋಗಿದ್ದಾರೆ, ಹಿಂದಿನ ಕುರ್ಚಿಗಳನ್ನು ನೋಡಿ. ಸನ್ಮಾನದ ಪಟ್ಟಿಯಲ್ಲಿ ಹೆಂಗಸಿನ ಹೆಸರು ಬಂದರೆ "ಶ್ರೀಮತಿ ಇಂಥವರು" ಎಂದು ಗಂಡನ ಹೆಸರಿನಲ್ಲಿ ಬರುತ್ತದೆ. ಮಕ್ಕಳಿಗೆ ಕನ್ನಡ ಬರುತ್ತದೆಯಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡ ಎಲ್ಲಿಂದ ಬಂತು? ಬೆಳಗ್ಗೆ ತಲೆ ಬಾಚುವಾಗ ಬಂತು, ಊಟಕ್ಕೆ ಕೂತಾಗ ಬಂತು, ಬೈಸಿಕೊಂಡಾಗ ಬಂತು. ಅದನ್ನು ಕಲಿಸಿದವರಿಗೆ ಯಾವ ವೇದಿಕೆಯೂ ಶಾಲು ಹೊದಿಸಿಲ್ಲ. ಶಾಲನ್ನು ಅವರು ಕೇಳುವುದೂ ಇಲ್ಲ, ಮದರಾಸಿನ ಸೆಖೆಗೆ ಶಾಲು ಯಾರಿಗೆ ಬೇಕು. ಆದರೆ ಕಾರ್ಯಕಾರಿ ಸಮಿತಿಯಲ್ಲಿ ಜಾಗ ಕೇಳಿದರೆ ಕೊಡಬೇಕು. ಬರುವ ವರ್ಷದ ಸಮಿತಿಯಲ್ಲಿ ಅರ್ಧ ಹೆಂಗಸರಿರಲಿ ಎಂಬ ಸೂಚನೆಯನ್ನು ನಾವು ಬರೆದು ಅಧ್ಯಕ್ಷರ ಕೈಗೆ ಕೊಟ್ಟಿದ್ದೇವೆ. ಅವರು ಕನ್ನಡಕ ಮರೆತು ಬಂದಿದ್ದೇನೆ ಎಂದರು. ನಾಳೆ ಕನ್ನಡಕದೊಡನೆ ಓದುತ್ತಾರೆಂಬ ನಂಬಿಕೆ ನಮಗಿದೆ.

ಇದರ ಜೊತೆಗೆ ಇನ್ನೊಂದು ಸಣ್ಣ ಕೆಲಸ. ಮೇಳದ ಅಜ್ಜಿಯಂಥವರು ನಮ್ಮ ಬೀದಿಗಳಲ್ಲಿ ಇನ್ನೂ ಕೆಲವರಿದ್ದಾರೆ. ರಂಗರಾಜಪುರದಲ್ಲಿ, ಟ್ರಸ್ಟ್‌ಪುರದಲ್ಲಿ, ಸಾಲಿಗ್ರಾಮದಲ್ಲಿ ಹುಡುಕಿದರೆ ಸಿಗುತ್ತಾರೆ. ಅವರು ಯಾವ ಚಿತ್ರಕ್ಕೆ ಏನು ಮಾಡಿದರು, ದಿನಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು, ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುತ್ತಿದ್ದರು, ಇದನ್ನೆಲ್ಲ ಅವರ ಬಾಯಿಂದಲೇ ಕೇಳಿ ಮೊಬೈಲಿನಲ್ಲಿ ಹಿಡಿದಿಡಬೇಕು. ಇದಕ್ಕೆ ದೊಡ್ಡ ಹಣವೇನೂ ಬೇಡ, ಒಂದು ಭಾನುವಾರದ ಮಧ್ಯಾಹ್ನ ಸಾಕು. ಕಾಲೇಜಿಗೆ ಹೋಗುವ ನಮ್ಮ ನಾಲ್ಕು ಜನ ಹುಡುಗಿಯರೂ ಇಬ್ಬರು ಹುಡುಗರೂ ಒಪ್ಪಿಕೊಂಡಿದ್ದಾರೆ. ಯಾರ ಮನೆಗೆ ಹೋಗಬೇಕೆಂದು ಅವರಿಗೆ ತಿಳಿಯಬೇಕಷ್ಟೆ. ಅದಕ್ಕಾಗಿ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕ ಇಡಿಸಿದ್ದೇವೆ. ನಿಮ್ಮ ಅಜ್ಜಿಯೋ ಅತ್ತೆಯೋ ನೆರೆಮನೆಯವರೋ ಇದ್ದರೆ ಅವರ ಸ್ವಂತ ಹೆಸರು, ಹುಟ್ಟಿದ ಊರು, ಮಾಡಿದ ಕೆಲಸ ಇಷ್ಟನ್ನು ಬರೆಯಿರಿ. ಗಂಡನ ಹೆಸರಿಗೆ ಅದರಲ್ಲಿ ಕಾಲಮ್ಮು ಹಾಕಿಲ್ಲ. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದೇವೆ, ಮಹನೀಯರು ದಯವಿಟ್ಟು ಜೇಬಿಗೆ ಹಾಕಿಕೊಳ್ಳಬಾರದು.